ಜನಪ್ರಿಯತೆಯೆಂಬ ಸಾಲ

ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಲೋಕಸಭೆ, ವಿಧಾನಸಭೆ, ಹೆಚ್ಚೆಂದರೆ ನಮ್ಮ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿ. ಆದರೆ ಮನುಷ್ಯ ತನ್ನ ಬಾಳಿನಲ್ಲಿ ಎದುರಿಸುವ ಮೊದಲ ಚುನಾವಣೆ ಇವುಗಳಲ್ಲಿ ಯಾವುದೂ ಅಲ್ಲ. ಅದು ನಡೆಯುವುದು ಶಾಲೆಯ ತರಗತಿಯಲ್ಲಿ. ಅಲ್ಲಿ ಅಧಿಸೂಚನೆ ಹೊರಡುವುದಿಲ್ಲ, ಚುನಾವಣಾಧಿಕಾರಿ ಇರುವುದಿಲ್ಲ. ಊಟದ ಬಿಡುವಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಆಟಕ್ಕೆ ತಂಡ ಕಟ್ಟುವಾಗ ಯಾರ ಹೆಸರನ್ನು ಮೊದಲು ಕರೆಯುತ್ತಾರೆ, ಯಾರ ಹೆಸರು ಕಟ್ಟಕಡೆಗೆ ಉಳಿಯುತ್ತದೆ ಎಂಬುದರಲ್ಲಿಯೇ ಫಲಿತಾಂಶ ಪ್ರಕಟವಾಗುತ್ತದೆ. ಹದಿಮೂರು ಹದಿನಾಲ್ಕರ ಹರೆಯದ ಮಗುವಿಗೆ ಈ ಫಲಿತಾಂಶ ಎಷ್ಟೋ ವೇಳೆ ವಾರ್ಷಿಕ ಪರೀಕ್ಷೆಯ ಫಲಿತಾಂಶಕ್ಕಿಂತ ಮುಖ್ಯವಾಗಿರುತ್ತದೆ. ಹಿರಿಯರಾದ ನಾವು ಮಾತ್ರ ಇದನ್ನು ಮಕ್ಕಳಾಟವೆಂದು ಬದಿಗೆ ಸರಿಸಿಬಿಡುತ್ತೇವೆ.

ಹಾಗೆ ಬದಿಗೆ ಸರಿಸದೆ, ಈ ಕಾಣದ ಚುನಾವಣೆಯನ್ನು ಕಾಣುವ ಚುನಾವಣೆಯನ್ನಾಗಿ ಮಾಡಿ ತೋರಿಸಿದ ಒಂದು ಹಳೆಯ ಹಾಸ್ಯ ಧಾರಾವಾಹಿಯ ಕಂತನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ. ಅದು ಅಮೆರಿಕದ ‘ದಿ ಬ್ರೇಡಿ ಬಂಚ್’. ಕನ್ನಡದ ತ್ರೈಮಾಸಿಕವೊಂದರ ಸಂಪಾದಕೀಯಕ್ಕೂ ಈ ಧಾರಾವಾಹಿಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿ ಅನಂತರ ತೀರ್ಮಾನಿಸಬೇಕೆಂದು ವಿನಂತಿ.

ಈ ಧಾರಾವಾಹಿ ಅಮೆರಿಕದ ಎಬಿಸಿ ಜಾಲದಲ್ಲಿ 1969ರ ಸೆಪ್ಟೆಂಬರಿನಿಂದ 1974ರ ಮಾರ್ಚಿಯವರೆಗೆ ಶುಕ್ರವಾರದ ಸಂಜೆಗಳಲ್ಲಿ ಪ್ರಸಾರವಾಯಿತು. ಒಟ್ಟು ಕಂತುಗಳು 117. ಮೂವರು ಗಂಡುಮಕ್ಕಳಿರುವ ವಿಧುರ ವಾಸ್ತುಶಿಲ್ಪಿಯೊಬ್ಬನು ಮೂವರು ಹೆಣ್ಣುಮಕ್ಕಳ ತಾಯಿಯೊಬ್ಬಳನ್ನು ಮದುವೆಯಾಗಿ, ಆರು ಮಕ್ಕಳೊಂದಿಗೂ ಆಲಿಸ್ ಎಂಬ ಮನೆಗೆಲಸದಾಕೆಯೊಂದಿಗೂ ಒಂದೇ ಸೂರಿನಡಿ ಸಂಸಾರ ಹೂಡುವುದು ಇದರ ಕಥಾವಸ್ತು. ಮರುಮದುವೆಯ ಕುಟುಂಬಗಳು ಹೆಚ್ಚುತ್ತಿವೆಯೆಂಬ ಪತ್ರಿಕಾ ಸುದ್ದಿಯೊಂದನ್ನು 1966ರಲ್ಲಿ ಓದಿದ ಷರ್ವುಡ್ ಶ್ವಾರ್ಟ್ಸ್ ಎಂಬ ಬರಹಗಾರ ಇದನ್ನು ಕಲ್ಪಿಸಿದರು. ಇನ್ನೊಂದು ಸ್ವಾರಸ್ಯವೂ ಇದೆ. ಮೊದಲ ಪ್ರಸಾರದ ವರ್ಷಗಳಲ್ಲಿ ಈ ಧಾರಾವಾಹಿ ಅತಿ ಹೆಚ್ಚು ವೀಕ್ಷಕರಿದ್ದ ಕಾರ್ಯಕ್ರಮಗಳ ಸಾಲಿಗೆ ಸೇರಿದುದೇ ಇಲ್ಲ. ನಿಂತುಹೋದ ಮೇಲೆ ಶಾಲೆ ಬಿಟ್ಟ ಹೊತ್ತಿನಲ್ಲಿ ಮತ್ತೆ ಮತ್ತೆ ಮರುಪ್ರಸಾರವಾಗಿ, ಮಕ್ಕಳಿಂದ ಮಕ್ಕಳಿಗೆ ದಾಟಿ ಮನೆಮಾತಾಯಿತು. 1995ರಲ್ಲಿ ಅದನ್ನಾಧರಿಸಿದ ಚಲನಚಿತ್ರವೂ ಬಂದಿತು. ಅಂದಿನ ಎಣಿಕೆ ಹೇಳಿದ್ದು ಒಂದು, ಕಾಲ ಹೇಳಿದ್ದು ಇನ್ನೊಂದು.

ನಾವು ಪ್ರಸ್ತಾಪಿಸುತ್ತಿರುವ ಕಂತು ಪ್ರಸಾರವಾದುದು 1973ರ ಡಿಸೆಂಬರಿನಲ್ಲಿ. ಹೆಸರು ‘ಮಿಸ್ ಪಾಪ್ಯುಲಾರಿಟಿ’. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳಾದ ಜಾನ್ ತನ್ನ ತರಗತಿಯ ಅತ್ಯಂತ ಜನಪ್ರಿಯ ಹುಡುಗಿಯ ಸ್ಥಾನಕ್ಕೆ ಸ್ಪರ್ಧಿಸುತ್ತಾಳೆ. ಅಣ್ಣ ಪೀಟರ್ ಪ್ರಚಾರಕ್ಕೆ ನಿಲ್ಲುತ್ತಾನೆ. ಗೆಲ್ಲಬೇಕಲ್ಲ! ಜಾನ್ ಒಬ್ಬೊಬ್ಬರಿಗೂ ಒಂದೊಂದು ಮಾತು ಕೊಡುತ್ತಾ ಹೋಗುತ್ತಾಳೆ. ಯಾರು ಯಾವ ನೆರವು ಬೇಡಿದರೂ ಮಾಡಿಕೊಡುವೆನೆನ್ನುತ್ತಾಳೆ. ಮತಗಳು ಬರುತ್ತವೆ, ಜಾನ್ ಗೆಲ್ಲುತ್ತಾಳೆ. ಗೆದ್ದ ಮೇಲೆ ಕೊಟ್ಟ ಮಾತುಗಳೆಲ್ಲ ಅವಳಿಗೆ ಹೊರೆಯಾಗಿ ಕಾಣತೊಡಗುತ್ತವೆ. ಈಗ ಸಮಯವಿಲ್ಲ, ಆಮೇಲೆ ನೋಡೋಣ ಎಂದು ಜಾರಿಕೊಳ್ಳುತ್ತಾಳೆ. ಮತ ಹಾಕಿದವರ ಮುಖ ಬಾಡುತ್ತದೆ. ಕಡೆಗೆ ಮನೆಯವರ ಮಾತಿನಿಂದ ಅವಳಿಗೆ ತನ್ನ ನಡತೆಯ ಅರಿವಾಗಿ, ಆಡಿದ ಮಾತುಗಳನ್ನು ನಡೆಸಿಕೊಡಲು ಮುಂದಾಗುತ್ತಾಳೆ. ಅರ್ಧ ಗಂಟೆಯ ಅವಧಿ, ನಡುನಡುವೆ ಧ್ವನಿಮುದ್ರಿತ ನಗು. ಕಥೆ ಇಷ್ಟೇ.

ಈ ಜಾನ್ ಯಾರು? ಇದಕ್ಕೆ ಎರಡು ವರ್ಷ ಮೊದಲು, 1971ರ ನವೆಂಬರಿನ ಕಂತೊಂದರಲ್ಲಿ, ಎಲ್ಲದರಲ್ಲೂ ಮುಂದಿರುವ ಅಕ್ಕ ಮಾರ್ಷಾಳ ನೆರಳಿನಲ್ಲಿ ಬೇಯುತ್ತಿದ್ದ ಹುಡುಗಿ ಇವಳೇ. ಶಿಕ್ಷಕರೆಲ್ಲ ಅಕ್ಕನನ್ನು ಹೊಗಳುವುದನ್ನು ಕೇಳಿ ಕೇಳಿ ರೋಸಿ, ಅವಳಿಗೆ ಬಂದ ಪಾರಿತೋಷಕಗಳನ್ನೆಲ್ಲ ಕಪಾಟಿನೊಳಗೆ ಬಚ್ಚಿಟ್ಟವಳು. ಅಕ್ಕನ ಹೆಸರನ್ನು ಮೂರು ಬಾರಿ ಕಿರುಚಿ ಅವಳು ಹೊರಹಾಕಿದ ಅಸೂಯೆ ಅಮೆರಿಕದಲ್ಲಿ ಗಾದೆಯಂತೆಯೇ ಉಳಿದಿದೆ. ಅದೇ ಕಂತಿನಲ್ಲಿ ಪ್ರಬಂಧ ಸ್ಪರ್ಧೆಯೊಂದರಲ್ಲಿ ತನಗೆ ಬಹುಮಾನ ಬಂದುದು ಅಂಕಗಳನ್ನು ಕೂಡುವಾಗ ಆದ ತಪ್ಪಿನಿಂದ ಎಂದು ಅವಳಿಗೆ ಗೊತ್ತಾಗುತ್ತದೆ. ಬಹಳ ತೊಳಲಾಡಿ, ಕೊನೆಗೆ ತುಂಬಿದ ಸಭೆಯಲ್ಲಿ ಅದನ್ನು ತಾನೇ ತಿಳಿಸುತ್ತಾಳೆ. ಸಲ್ಲದ ಗೆಲುವನ್ನು ಬಿಟ್ಟುಕೊಡಬಲ್ಲ ಹುಡುಗಿಯೇ ಎರಡು ವರ್ಷದ ತರುವಾಯ ಸುಳ್ಳು ಭರವಸೆಗಳಿಂದ ಗೆಲುವನ್ನು ಕೊಳ್ಳುತ್ತಾಳೆ. ಒಂದು ಮಗು ಒಮ್ಮೆ ಸತ್ಯ ನುಡಿದ ಮಾತ್ರಕ್ಕೆ ಆ ಪಾಠ ಮುಗಿಯಿತೆಂದು ತಂದೆತಾಯಿಗಳು ನಿಶ್ಚಿಂತರಾಗುವಂತಿಲ್ಲ. ಹಂಬಲ ಬಲವಾದಾಗ ಅದೇ ಪಾಠ ಬೇರೆ ವೇಷದಲ್ಲಿ ಮತ್ತೆ ಎದುರಾಗುತ್ತದೆ.

ಶಾಲೆಯಲ್ಲಿ ಜನಪ್ರಿಯಳಾಗಬೇಕೆಂಬ ಈ ಹಂಬಲ ಧಾರಾವಾಹಿಯ ಕಟ್ಟುಕಥೆಯಲ್ಲ. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ 1961ರಲ್ಲಿ ‘ದಿ ಅಡೋಲೆಸೆಂಟ್ ಸೊಸೈಟಿ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಶಾಲೆ ಕಟ್ಟಿದವರ ಉದ್ದೇಶ ವಿದ್ಯೆ; ಆದರೆ ಶಾಲೆಯೊಳಗಿನ ಮಕ್ಕಳ ಸಮಾಜದಲ್ಲಿ ಮನ್ನಣೆ ದೊರೆಯುವುದು ಆಟೋಟದ ವೀರರಿಗೆ, ಎಲ್ಲರ ಮೆಚ್ಚುಗೆ ಗಳಿಸಿದವರಿಗೆ; ಓದಿನಲ್ಲಿ ಮುಂದಿರುವವರ ಸರದಿ ಅನಂತರ — ಇದು ಅವರು ಕಂಡ ಸಂಗತಿ. ತೆರಿಗೆದಾರರ ಹಣದಿಂದ ಹಿರಿಯರು ಕಟ್ಟಿದ ಶಾಲೆಯೊಳಗೆ ಮಕ್ಕಳು ತಮ್ಮದೇ ಮೌಲ್ಯಗಳ ಇನ್ನೊಂದು ರಾಜ್ಯವನ್ನು ಕಟ್ಟಿಕೊಂಡಿರುತ್ತಾರೆಂಬುದನ್ನು ಆ ಅಧ್ಯಯನ ಎತ್ತಿ ತೋರಿಸಿತು.

ಮುಂದಿನ ಸಂಶೋಧಕರು ಇನ್ನೂ ಸೂಕ್ಷ್ಮವಾದ ಒಂದು ಭೇದವನ್ನು ಗುರುತಿಸಿದರು. ‘ನಿನಗೆ ಯಾರು ಇಷ್ಟ?’ ಎಂದು ಮಕ್ಕಳನ್ನು ಕೇಳಿದರೆ ಬರುವ ಹೆಸರುಗಳು ಒಂದು ಬಗೆಯವು. ‘ನಿಮ್ಮ ತರಗತಿಯಲ್ಲಿ ಜನಪ್ರಿಯರು ಯಾರು?’ ಎಂದು ಕೇಳಿದರೆ ಬರುವ ಹೆಸರುಗಳು ಇನ್ನೊಂದು ಬಗೆಯವು. ಎರಡು ಪಟ್ಟಿಗಳು ಸ್ವಲ್ಪಮಟ್ಟಿಗೆ ಕೂಡಿದರೂ ಒಂದೇ ಆಗುವುದಿಲ್ಲವೆಂಬುದನ್ನು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿತು. ಮೊದಲ ಪಟ್ಟಿಯವರು ಒಡನಾಟಕ್ಕೆ ಒದಗುವವರು, ನಂಬಬಹುದಾದವರು. ಎರಡನೆಯ ಪಟ್ಟಿಯಲ್ಲಿ ಸ್ಥಾನ ಪಡೆದವರು, ದರ್ಪ ನಡೆಸಬಲ್ಲವರು, ಕೆಲವೊಮ್ಮೆ ಯಾರಿಗೂ ಅಷ್ಟಾಗಿ ಇಷ್ಟವಿಲ್ಲದವರೂ ಇರುತ್ತಾರೆ. ಜಾನ್‌ಳ ಕಥೆಯ ತಿರುಳು ಇದೇ. ಅವಳು ಬಯಸಿದ್ದು ಗೆಳೆತನವನ್ನು, ಗೆದ್ದದ್ದು ಸ್ಥಾನವನ್ನು. ಭರವಸೆ ಕೊಟ್ಟು ಪಡೆದ ಮತವೆಂದರೆ ಸಾಲ. ತೀರಿಸುವವರೆಗೂ ಅದು ಆಸ್ತಿಯಾಗುವುದಿಲ್ಲ.

ಈ ಕಂತು ಪ್ರಸಾರವಾದ ಕಾಲವನ್ನೂ ಸ್ವಲ್ಪ ನೆನೆಯಬೇಕು. 1972ರ ನವೆಂಬರಿನಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಐವತ್ತು ರಾಜ್ಯಗಳಲ್ಲಿ ನಲವತ್ತೊಂಬತ್ತನ್ನು ಗೆದ್ದು ಪುನರಾಯ್ಕೆಯಾಗಿದ್ದರು. 1973ರ ಅಕ್ಟೋಬರಿನಲ್ಲಿ ಅವರ ಉಪಾಧ್ಯಕ್ಷರು ಬೇರೊಂದು ಹಗರಣದಲ್ಲಿ ಸಿಲುಕಿ ರಾಜೀನಾಮೆ ಕೊಟ್ಟರು. ವಾಟರ್‌ಗೇಟ್ ತನಿಖೆ ಅಧ್ಯಕ್ಷರ ಬಾಗಿಲಿಗೇ ಬಂದು ನಿಂತಿತು. 1974ರ ಆಗಸ್ಟಿನಲ್ಲಿ ಅವರೂ ಪದವಿ ತ್ಯಜಿಸಿದರು. ಬ್ರೇಡಿ ಮನೆಯ ಕಥೆಗಳು ಸಾಮಾನ್ಯವಾಗಿ ರಾಜಕಾರಣದ ಗಾಳಿ ಸೋಕದ ಕಥೆಗಳು. ಜಾನ್‌ಳ ಕಂತನ್ನು ರಾಜಕೀಯ ವಿಡಂಬನೆಯೆಂದು ಓದುವುದು ತಪ್ಪಾದೀತು. ಆದರೂ ಮತಗಳ ರಾಶಿಯೇ ಯೋಗ್ಯತೆಯ ಪ್ರಮಾಣಪತ್ರವಲ್ಲವೆಂಬ ಪಾಠವನ್ನು ಒಂದು ಮಹಾರಾಷ್ಟ್ರವೇ ಕಲಿಯುತ್ತಿದ್ದ ದಿನಗಳಲ್ಲಿ, ಆ ದೇಶದ ಮಕ್ಕಳು ಅದೇ ಪಾಠವನ್ನು ಒಬ್ಬ ಶಾಲಾ ಬಾಲಕಿಯ ಮೂಲಕ ನೋಡಿದರು. ಅವರಿಗೆ ಅದು ಅರ್ಥವಾಗಲು ವೃತ್ತಪತ್ರಿಕೆ ಬೇಕಾಗಿರಲಿಲ್ಲ.

ಜಾನ್‌ಳ ಭಾಗ್ಯವೆಂದರೆ, ಅವಳ ಮತ ಎಣಿಕೆ ಒಂದೇ ಸಲ ಮುಗಿದುಹೋಯಿತು. ಫೇಸ್‌ಬುಕ್ 2009ರಲ್ಲಿ ಮೆಚ್ಚುಗೆಯ ಗುಂಡಿಯನ್ನು ಜಾರಿಗೆ ತಂದ ಮೇಲೆ, 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ, ಇಂದಿನ ಹರೆಯದ ಮಕ್ಕಳ ಎಣಿಕೆ ಗಂಟೆಗಂಟೆಗೂ ನಡೆಯುತ್ತಿದೆ. ಶಾಲೆಯ ಗಂಟೆ ಬಾರಿಸಿದೊಡನೆ ಮುಗಿಯುತ್ತಿದ್ದ ಸ್ಪರ್ಧೆ ಈಗ ದಿಂಬಿನ ಕೆಳಗಿನವರೆಗೂ ಬಂದಿದೆ. ಬೇಕಾದವರು ಮೆಚ್ಚುಗೆಯ ಸಂಖ್ಯೆಯನ್ನು ಮರೆಮಾಡಿಕೊಳ್ಳಬಹುದೆಂದು ಆ ಸಂಸ್ಥೆಗಳೇ 2021ರಲ್ಲಿ ಅನುಕೂಲ ಕಲ್ಪಿಸಬೇಕಾಯಿತೆಂದರೆ ಈ ಎಣಿಕೆಯ ಭಾರ ಎಷ್ಟೆಂಬುದನ್ನು ಊಹಿಸಬಹುದು.

ಇನ್ನು ನಮ್ಮ ಮನೆಗಳ ಕಡೆಗೆ ಬರೋಣ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಈ ಕಾಣದ ಚುನಾವಣೆ ಒಂದು ಹೆಜ್ಜೆ ಹಿಂದಿನಿಂದಲೇ ಆರಂಭವಾಗುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವವರ ಮಕ್ಕಳ ಮಾತಂತೂ ಹೇಳಬೇಕಾಗಿಲ್ಲ. ಅಂಥವರ ಓದು ಕೆಡಬಾರದೆಂದು 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳ ವ್ಯವಸ್ಥೆ ಆರಂಭವಾಯಿತು. ಊರು ಬದಲಾದರೂ ಪಠ್ಯಕ್ರಮ ಬದಲಾಗದೆ ಉಳಿಯಿತು. ಆದರೆ ಗೆಳೆತನವನ್ನು ವರ್ಗಾವಣೆ ಪತ್ರದಲ್ಲಿ ನಮೂದಿಸಿ ಕಳುಹಿಸುವ ವ್ಯವಸ್ಥೆ ಯಾವ ಇಲಾಖೆಯಲ್ಲಿಯೂ ಇಲ್ಲ. ಮೂರು ನಾಲ್ಕು ವರ್ಷಗಳಿಗೊಮ್ಮೆ ಆ ಮಗು ಹೊಸ ತರಗತಿಯ ಬಾಗಿಲಲ್ಲಿ ಅಪರಿಚಿತವಾಗಿ ನಿಲ್ಲುತ್ತದೆ.

ಮತ ಬೇಕಾದ ಈ ಮಗು ಏನನ್ನು ಒತ್ತೆಯಿಡುತ್ತದೆ? ಜಾನ್ ಭರವಸೆಗಳನ್ನು ಒತ್ತೆಯಿಟ್ಟಳು. ನಮ್ಮ ಮಕ್ಕಳು ಎಷ್ಟೋ ವೇಳೆ ತಮ್ಮ ಮನೆಯನ್ನೇ ಒತ್ತೆಯಿಡುತ್ತಾರೆ. ಡಬ್ಬಿಗೆ ಜೋಳದ ರೊಟ್ಟಿ ಬೇಡವೆನ್ನುತ್ತಾರೆ. ಅಜ್ಜನ ಹೆಸರನ್ನು ಹೊತ್ತ ಉದ್ದನೆಯ ಹೆಸರನ್ನು ಎರಡಕ್ಷರಕ್ಕೆ ಮೊಟಕುಗೊಳಿಸುತ್ತಾರೆ. ಉತ್ತರದ ಊರುಗಳಲ್ಲಿ ‘ಮದರಾಸಿ’ ಎಂದು ಕರೆಸಿಕೊಂಡಾಗ ತಿದ್ದುವ ಬದಲು ತಾವೂ ನಕ್ಕುಬಿಡುತ್ತಾರೆ. ಶಾಲೆಯ ಗೇಟಿನ ಬಳಿ ‘ಅಮ್ಮ, ಇವರೆದುರಿಗೆ ಕನ್ನಡ ಮಾತಾಡಬೇಡ’ ಎನ್ನುತ್ತಾರೆ. ಆ ಮಾತನ್ನೂ ಕನ್ನಡದಲ್ಲಿ ಹೇಳುವುದಿಲ್ಲ. ಇದಕ್ಕಾಗಿ ಮಗುವನ್ನು ಗದರುವುದು ಅನ್ಯಾಯ. ಅದು ನಾಡದ್ರೋಹ ಮಾಡುತ್ತಿಲ್ಲ, ಮತ ಯಾಚಿಸುತ್ತಿದೆ. ಗದರಿಸಿದರೆ ಮನೆಯೂ ಅದಕ್ಕೆ ವಿರೋಧ ಪಕ್ಷವಾಗಿಬಿಡುತ್ತದೆ.

ಇದರರ್ಥ ನಮ್ಮ ಮಕ್ಕಳು ನೆಲೆಸಿದ ನಾಡಿನ ನುಡಿಯಿಂದ ದೂರವಿರಬೇಕೆಂದಲ್ಲ. ಮುಂಬಯಿಯ ಮಗು ಮರಾಠಿಯನ್ನು, ಚೆನ್ನೈಯ ಮಗು ತಮಿಳನ್ನು ಗೆಳೆಯರ ಸರಿಸಮವಾಗಿ ಆಡಬೇಕು. ಅದು ಅನ್ನ ಕೊಟ್ಟ ನೆಲಕ್ಕೆ ಸಲ್ಲಿಸುವ ಗೌರವ. ಒಂದು ನುಡಿಯನ್ನು ಕಲಿಯುವುದು ಬೇರೆ, ಇನ್ನೊಂದನ್ನು ಬಚ್ಚಿಡುವುದು ಬೇರೆ. ಮೊದಲನೆಯದರಿಂದ ಗೆಳೆಯರು ದೊರೆಯುತ್ತಾರೆ. ಎರಡನೆಯದರಿಂದ ದೊರೆಯುವುದು, ಯಾವಾಗ ಬಯಲಾದೀತೋ ಎಂಬ ಅಂಜಿಕೆಯೊಂದಿಗೆ ಬರುವ ಸ್ಥಾನ ಮಾತ್ರ.

ಬ್ರೇಡಿ ಮನೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಇಲ್ಲಿದೆ. ಜಾನ್ ಗೆದ್ದು ಬಂದಾಗ ಮನೆಯವರು ಮತ ಹಾಕಿದವರಂತೆ ಅವಳನ್ನು ಲೆಕ್ಕ ಹಾಕಲಿಲ್ಲ. ಅವಳ ತಪ್ಪು ಬಯಲಾದಾಗ ಅವಳನ್ನು ಪದಚ್ಯುತಗೊಳಿಸಲೂ ಇಲ್ಲ. ತಪ್ಪನ್ನು ತಪ್ಪೆಂದರು, ಮಗಳನ್ನು ಮಗಳಾಗಿಯೇ ಉಳಿಸಿಕೊಂಡರು. ಮತಗಣನೆ ನಡೆಯದ ಸ್ಥಳವೊಂದು ಪ್ರತಿ ಮಗುವಿಗೂ ಬೇಕು. ನಮ್ಮ ಎಷ್ಟು ಮನೆಗಳು ಅಂಥ ಸ್ಥಳಗಳಾಗಿವೆ? ‘ಪಕ್ಕದ ಮನೆಯ ಹುಡುಗನಿಗೆ ಎಷ್ಟು ಅಂಕ ಬಂದಿತು’ ಎಂದು ದಿನವೂ ಕೇಳುವ ಮನೆ ಇನ್ನೊಂದು ಮತಗಟ್ಟೆಯೇ ಹೊರತು ಬೇರೆಯಲ್ಲ. ಅಲ್ಲಿಯೂ ಸೋತ ಮಗು ಮತ್ತೆಲ್ಲಿಗೆ ಹೋದೀತು?

ಸಂಘಗಳಿಗೂ ಈ ಕಂತಿನಲ್ಲೊಂದು ಕಿವಿಮಾತಿದೆ. ವಾರ್ಷಿಕ ಸರ್ವಸದಸ್ಯರ ಸಭೆ ಸಮೀಪಿಸಿದಂತೆ ಮಕ್ಕಳಿಗೆ ಕನ್ನಡ ತರಗತಿ, ವಾಚನಾಲಯ, ಯುವ ವಿಭಾಗ ಎಂಬ ಭರವಸೆಗಳು ಹರಿದಾಡುವುದು ಹೊರನಾಡಿನಲ್ಲೆಲ್ಲ ಕಂಡುಬರುವ ನೋಟ. ಫಲಿತಾಂಶ ಬಂದ ಮೇಲೆ ಉಳಿಯುವುದು ರಾಜ್ಯೋತ್ಸವದ ವೇದಿಕೆ, ಹಾರ, ಛಾಯಾಚಿತ್ರ. ಹದಿನಾಲ್ಕರ ಜಾನ್ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಐವತ್ತರ ನಾವು ವರ್ಷಗಳಲ್ಲಿ ಕಲಿಯದಿದ್ದರೆ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ ನಮ್ಮ ಮಕ್ಕಳು ಅದನ್ನು ನೋಡುತ್ತಲೇ ಇರುತ್ತಾರೆ. ಮತ ಗಳಿಸುವುದು ಹೇಗೆಂಬ ಅವರ ಮೊದಲ ಪಾಠ ಅಲ್ಲಿಯೇ ಆಗಬಹುದು.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ಮನವಿ ಇಷ್ಟೆ. ಮುಂದಿನ ಕಾರ್ಯಕಾರಿ ಸಮಿತಿ ಯಾವುದೇ ಬರಲಿ, ಒಂದೇ ಒಂದು ಮಾತು ಕೊಡಲಿ, ಅದನ್ನು ನಡೆಸಿಕೊಡಲಿ. ಅದು ತಿಂಗಳಿಗೊಂದು ಭಾನುವಾರದ ಮಕ್ಕಳ ಕೂಟವಾಗಿದ್ದರೂ ಸಾಕು. ಸ್ಪರ್ಧೆ ಬೇಡ, ಬಹುಮಾನ ಬೇಡ, ಪ್ರಮಾಣಪತ್ರವೂ ಬೇಡ. ಉದ್ದನೆಯ ಹೆಸರಿನ ಮಕ್ಕಳು ತಮ್ಮ ಪೂರ್ಣ ಹೆಸರಿನಿಂದ ಕರೆಸಿಕೊಳ್ಳಲಿ, ರೊಟ್ಟಿಯ ಡಬ್ಬಿ ತೆರೆಯಲಿ, ತಪ್ಪು ತಪ್ಪು ಕನ್ನಡವನ್ನೇ ಗಟ್ಟಿಯಾಗಿ ಮಾತಾಡಲಿ. ಸೋಮವಾರ ಅವರು ಮತ್ತೆ ತಮ್ಮ ತಮ್ಮ ಶಾಲೆಗಳ ಚುನಾವಣೆಗೆ ಹೋಗಲೇಬೇಕು. ಹೋಗುವಾಗ ಒತ್ತೆಯಿಡಬೇಕಾದುದು ಏನೂ ಇಲ್ಲವೆಂಬ ಧೈರ್ಯ ಅವರ ಜೊತೆಗಿರಲಿ.