ಮಕ್ಕಳ ಬಾಯಲ್ಲಿ ಬಾಳಿದ ಕನ್ನಡ

ಶ್ರೀ ಸಿದ್ದಯ್ಯ ಪುರಾಣಿಕರ ಹೆಸರನ್ನು ಕೇಳದ ಕನ್ನಡದ ಮಕ್ಕಳು ಬಹಳವಿರಬಹುದು. ಆದರೆ ಅಜ್ಜನ ಕೋಲನ್ನೇ ಕುದುರೆಯೆಂದು ಭಾವಿಸಿ ಆಡುವ ಅವರ ಶಿಶುಗೀತವನ್ನು ಕೇಳದವರು ವಿರಳ. ಕವಿಯ ಹೆಸರು ಮರೆಯಾಗಿ ಹಾಡು ಉಳಿಯುವುದು ಕವಿಗೆ ಸಲ್ಲುವ ಪರಮ ಗೌರವವೇ ಸರಿ. ಹಾಡೂ ಮರೆಯಾದರೆ ಆ ಅಪರಾಧವು ಕವಿಯದಲ್ಲ, ನಮ್ಮದು.

1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಪುರಾಣಿಕರು ಜನಿಸಿದರು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವು ಹೈದರಾಬಾದಿನಲ್ಲಿ ಸ್ಥಾಪನೆಯಾದುದೂ ಅದೇ ವರ್ಷ. ಅಲ್ಲಿಯೇ ಓದಿ, ನಿಜಾಮರ ಆಡಳಿತ ಸೇವೆಯನ್ನು ಸೇರಿ, ಮುಂದೆ ಐ.ಎ.ಎಸ್. ಅಧಿಕಾರಿಯಾದ ಈ ಮಹನೀಯರು ಕನ್ನಡವನ್ನು ಮನೆಯಿಂದ ಪಡೆದವರು. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು. 'ಕಾವ್ಯಾನಂದ'ರೆಂಬ ಹೆಸರಿನಿಂದ ಭಾವಗೀತೆಗಳನ್ನು ಹಾಡಿದರು, 'ವಚನೋದ್ಯಾನ'ವನ್ನು ಬೆಳೆಸಿದರು, 'ಶರಣ ಚರಿತಾಮೃತ'ವನ್ನು ಗದ್ಯದಲ್ಲಿ ಹರಿಸಿದರು. ಮನುಷ್ಯತ್ವವು ಎಲ್ಲ ಪದವಿಗಳಿಗೂ ಮಿಗಿಲೆಂದು ಸಾರುವ ಅವರ ಗೀತೆಯು ಇಂದಿಗೂ ಸಭೆಗಳಲ್ಲಿ ಕೇಳಿಬರುತ್ತದೆ. 1987ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಅವರು 1994ರಲ್ಲಿ ಕಾಲವಾದರು. ಇಷ್ಟು ಹಿರಿಯ ಕಾರ್ಯಗಳ ನಡುವೆಯೂ ಮಗುವಿನ ಎತ್ತರಕ್ಕೆ ಬಾಗಿ ಹಾಡಿದ್ದೇ ಅವರ ದೊಡ್ಡತನವೆಂದು ನಾವು ಬಗೆಯುತ್ತೇವೆ.

ಈ ನಾಡಿಗೆ ಇದು ಹೊಸತೂ ಅಲ್ಲ. ಅರಮನೆಯ ಭಾಷೆ ಬೇರೆಯಾಗಿದ್ದ 18ನೆಯ ಶತಮಾನದಲ್ಲಿ ಮಾನ್ವಿ ಸೀಮೆಯ ಚೀಕಲಪರವಿಯಿಂದ ವಿಜಯದಾಸರೂ, ಬ್ಯಾಗವಾಟದಿಂದ ಜಗನ್ನಾಥದಾಸರೂ, ದೇವದುರ್ಗ ಸೀಮೆಯ ಮೊಸರಕಲ್ಲಿನಿಂದ ಗೋಪಾಲದಾಸರೂ ಹೊರಟು, ಕನ್ನಡವನ್ನು ತಂಬೂರಿಯ ಮೇಲೆ ಊರೂರಿಗೆ ಕೊಂಡೊಯ್ದರು. ಅಕ್ಷರವರಿಯದ ತಾಯಂದಿರೂ ಆ ಪದಗಳನ್ನು ಕಲಿತು ಮಕ್ಕಳಿಗೆ ಕಲಿಸಿದರು. ಮುಂದೆ ರಾಯಚೂರು ನಗರದಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಕನ್ನಡಕ್ಕೆ ಕಛೇರಿಯಲ್ಲಿ ಎಡೆಯಿಲ್ಲದಂದು ಕೊರಳು ಎಡೆಕೊಟ್ಟಿತು.

ಇಂದು ಕಛೇರಿಯೂ ನಮ್ಮದು, ಶಾಲೆಯೂ ನಮ್ಮದು. 1948ರಲ್ಲಿ ನಿಜಾಮಶಾಹಿ ಮುಗಿಯಿತು. 1956ರಲ್ಲಿ ನಾಡು ಒಂದಾಯಿತು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಲಿಲ್ಲ. ಇದಕ್ಕೆ ಬಡತನ ಕಾರಣ, ಗುಳೆ ಕಾರಣ. ಹಾಡೊಂದರಿಂದ ಇವೆಲ್ಲ ನೀಗುವುವೆಂದು ಹೇಳುವಷ್ಟು ನಾವು ಮುಗ್ಧರಲ್ಲ. ಆದರೆ ಸುಗ್ಗಿಗೆ ತಂದೆತಾಯಿಗಳೊಡನೆ ಊರು ಬಿಟ್ಟ ಮಗು ಮರಳಿ ಬಂದಾಗ, ಪಾಠ ಮರೆತಿದ್ದರೂ ಹಾಡು ಮರೆತಿರುವುದಿಲ್ಲ. ಆ ಹಾಡೇ ಅದನ್ನು ನಾಚಿಕೆಯಿಲ್ಲದೆ ತರಗತಿಯೊಳಗೆ ಕರೆತರಬಲ್ಲುದು.

ಆದುದರಿಂದ ವಿದ್ಯಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಅಲ್ಪವಾದುದು. ದಾಸರ ಸುಲಭ ಪದಗಳೂ ಪುರಾಣಿಕರ ಶಿಶುಗೀತಗಳೂ ಇರುವ ಒಂದು ಕಿರುಹೊತ್ತಗೆಯನ್ನು ದೇವದುರ್ಗ, ಮಾನ್ವಿಗಳ ಹಳ್ಳಿ ಹಳ್ಳಿಯ ಶಾಲೆಗೂ ತಲುಪಿಸಲಿ. ದಿನಕ್ಕೆ ಕಾಲು ಗಂಟೆಯನ್ನು ಹಾಡಿಗೆ ಮೀಸಲಿಡಲಿ. ಪರೀಕ್ಷೆಗೆ ಬಾರದ ವಿಷಯವೆಂದು ಯಾರಾದರೂ ಆಕ್ಷೇಪಿಸಿದರೆ, ಪರೀಕ್ಷೆಗೆ ಬಾರದ ಆ ಹಾಡುಗಳೇ ಶತಮಾನಗಳ ಕಾಲ ಇಲ್ಲಿ ಕನ್ನಡವನ್ನು ಕಾದುವೆಂದು ನೆನಪಿಸುತ್ತೇವೆ. ಕಷ್ಟಕಾಲದಲ್ಲಿ ನಮ್ಮನ್ನು ಕಾದುದನ್ನು ಸುಖಕಾಲದಲ್ಲಿ ಕೈಬಿಡುವುದು ಕನ್ನಡಿಗರಿಗೆ ಒಪ್ಪುವ ನಡತೆಯಲ್ಲ.