ಸ್ಕ್ಯಾನರ್ ಕಿತ್ತರೆ ಅಂಗಡಿ ಉಳಿಯುತ್ತಾ?

ಬೆಂಗಳೂರಲ್ಲಿ ಬೇಕರಿ, ಕಾಂಡಿಮೆಂಟ್ಸ್ ಇಟ್ಟಿರೋ ಚನ್ನರಾಯಪಟ್ಟಣ, ಹೊಳೆನರಸೀಪುರದವರು ಒಬ್ಬಿಬ್ಬರಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಹಲವರು ಸ್ಕ್ಯಾನರ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಅರಕಲಗೂಡಿನ ಅಂಗಡಿಯವರೂ ಅದನ್ನೇ ಮಾಡಿದರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ, ಅಷ್ಟೇ.

ಇಲಾಖೆದೂ ತಪ್ಪೇ. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಲಕ್ಷಗಟ್ಟಲೆ ಕೇಳೋದು ಯಾವ ನ್ಯಾಯ? ಆದರೆ ಸರಕು ಮಾರೋರಿಗೆ ಇರೋ 40 ಲಕ್ಷದ ಮಿತಿಗೆ ಕ್ಯಾಶ್ ವ್ಯಾಪಾರವೂ ಸೇರುತ್ತೆ. ಬೋರ್ಡ್ ಹಾಕಿದರೆ ಅದು ಮಾಯ ಆಗಲ್ಲ. ಹಾಲು, ಬ್ರೆಡ್, ತರಕಾರಿಗೆ ತೆರಿಗೆ ಇಲ್ಲ, ಸರಿ; ಎಷ್ಟು ಮಾರಿದಿರಿ ಅಂತ ತೋರಿಸೋಕೆ ಪುಸ್ತಕ ಎಲ್ಲಿದೆ? ಕೈಸಾಲ, ಚೀಟಿ ದುಡ್ಡು, ವ್ಯಾಪಾರ ಎಲ್ಲಾ ಒಂದೇ ಅಕೌಂಟಿಗೆ ಬಿದ್ದರೆ ಬಿಡಿಸಿ ಹೇಳೋರು ಯಾರು? ಅಂಗಡಿಗೆ ಬೇರೆ ಅಕೌಂಟ್ ತೆಗೀರಿ, ಸಂಜೆ ಬಾಗಿಲು ಹಾಕೋ ಮುಂಚೆ ಲೆಕ್ಕ ಬರೀರಿ.