ಹೆಸ್ರಿಟ್ಟು ಸಾಯಿಸು ಮಾರಾಯ

1/7

ಮೊನ್ನೆ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪುಂಟಾ? “ಸ್ಲ್ಯಾಶರ್ ಸಿನಿಮಾದಲ್ಲಿ ಕಾಮಿಡಿ ಬೇಕಾ, ಬೇಡ್ವಾ?” ಹೆಚ್ಚಿನವರು “ಬೇಡ” ಒತ್ತಿದ್ರಿ. ಒಬ್ಬ ಕ್ಲಾಸ್‌ಮೇಟ್ ಡಿಎಂಗೆ ಬಂದು ಬರೆದ: “ಕೊಲೆ ನೋಡ್ಲಿಕ್ಕೆ ಹೋಗುದು ಮಾರಾಯ, ಅವರ ಜಾತಕ ಕೇಳ್ಲಿಕ್ಕೆ ಅಲ್ಲ.” ಇನ್ನೊಬ್ಬಳು, “ನಗು ಬಂದ್ರೆ ಹೆದರಿಕೆ ಹೋಯ್ತು” ಅಂದ್ಳು.

ಇಬ್ಬರೂ ತಪ್ಪು. ಯಾಕೆ ತಪ್ಪು ಅಂತ ಹೇಳ್ತೇನೆ. ಒಂದು ಕ್ಯಾಪ್ಷನ್ನಿಗೆ ಇನ್‌ಸ್ಟಾದವರು ಕೊಡುವುದು 2,200 ಅಕ್ಷರ, ನನ್ನ ಸಿಟ್ಟಿಗೆ ಅದು ಸಾಕಾಗುದಿಲ್ಲ, ಹಾಗಾಗಿ ಏಳು ಪೋಸ್ಟ್.

ಫೋಟೊದಲ್ಲಿ ಇರುವುದು ನಮ್ಮ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾ, ರಾತ್ರಿ ಹತ್ತೂವರೆ. ಅದು ಮಂಜಲ್ಲ, ಧೂಳು. ಲಾರಿ ನಿಂತದ್ದು ಕಾಣ್ತದಲ್ಲ, ಅದರ ಹಿಂದೆ ಯಾರೋ ನಿಂತ ಹಾಗೆ ಕಂಡ್ರೆ ಅದು ನನ್ನ ತಮ್ಮ, ಚಾರ್ಜರ್ ಹುಡುಕಿಕೊಂಡು ಬಂದದ್ದು.

ಸ್ಪಾಯ್ಲರ್ ಉಂಟು. 1980ರ ಸಿನಿಮಾಕ್ಕೆ ಸ್ಪಾಯ್ಲರ್ ಅಂತ ಅಳುವವರು ಕುಳಾಯಿ ಸ್ಟಾಪಲ್ಲೇ ಇಳ್ಕೊಳ್ಳಿ.

2/7

ಗೊತ್ತಿಲ್ಲದವರಿಗೆ: ಚೂರಿಯೋ ಕೊಡಲಿಯೋ ಹಿಡಿದವನೊಬ್ಬ ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಮುಗಿಸುವ ಸಿನಿಮಾವೇ ಸ್ಲ್ಯಾಶರ್. ಅದರಲ್ಲೇ ಒಂದು ಜಾತಿ ಬೇಸಿಗೆ ಶಿಬಿರದ್ದು. ಅಮೆರಿಕದಲ್ಲಿ ರಜೆಗೆ ಮಕ್ಕಳನ್ನು ಕೆರೆ ಬದಿಯ ಕ್ಯಾಂಪಿಗೆ ಕಳಿಸ್ತಾರೆ, ನೋಡಿಕೊಳ್ಳಲಿಕ್ಕೆ ನಮ್ಮ ಪ್ರಾಯದವರು ಇರ್ತಾರೆ. 1980ರಲ್ಲಿ ‘ಫ್ರೈಡೇ ದ ಥರ್ಟೀನ್ತ್’ ಬಂತು, ಮರುವರ್ಷ ‘ದ ಬರ್ನಿಂಗ್’, 1983ರಲ್ಲಿ ‘ಸ್ಲೀಪ್‌ಅವೇ ಕ್ಯಾಂಪ್’. ಆಮೇಲೆ ಸಾಲುಗಟ್ಟಿ ಬಂದವು.

‘ಫ್ರೈಡೇ’ಯಲ್ಲಿ ಹಾಸಿಗೆಯ ಅಡಿಯಿಂದ ಬಾಣ ಬಂದು ಕುತ್ತಿಗೆ ತೂರುವ ಸೀನ್ ಎಲ್ಲರಿಗೂ ಗೊತ್ತು. ಮೇಕಪ್ ಟಾಮ್ ಸವೀನಿಯದ್ದು. ನಂಗೂ ಇಷ್ಟ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸತ್ತವನ ಹೆಸರು ಹೇಳಿ ನೋಡುವ? ಕೆವಿನ್ ಬೇಕನ್ ಅನ್ಬೇಡಿ, ಅದು ನಟನ ಹೆಸರು. ಪಾತ್ರದ ಹೆಸರು?

ನೋಡಿ, ಗೊತ್ತಿಲ್ಲ. (ಜ್ಯಾಕ್.)

ಅದೇ ಸಿನಿಮಾದಲ್ಲಿ ಆನಿ ಅಂತ ಒಬ್ಬಳಿದ್ದಾಳೆ. ಕ್ಯಾಂಪಿನ ಅಡುಗೆ ಕೆಲಸಕ್ಕೆ ಹೊರಟವಳು. ದಾರಿಯಲ್ಲಿ ಸಿಕ್ಕಿದವರ ಹತ್ರ ಎಲ್ಲ ನಗ್ತಾ ಮಾತಾಡ್ತಾಳೆ, ಲಾರಿ ಹತ್ತಿ ಹೋಗ್ತಾಳೆ, ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಹೇಳಿಕೊಳ್ತಾಳೆ. ಇವಳೇ ಹೀರೋಯಿನ್ ಅಂತ ನಾವು ಗಟ್ಟಿ ಮಾಡಿಕೊಳ್ತೇವೆ. ಅವಳು ಕ್ಯಾಂಪಿಗೆ ತಲುಪುವುದೇ ಇಲ್ಲ. ಬಾಣದ ಸೀನಿಗೆ ನಾನು “ಅಬ್ಬಾ” ಅಂದೆ. ಆನಿಗೆ “ಅಯ್ಯೋ” ಅಂದೆ. ಎರಡಕ್ಕೂ ವ್ಯತ್ಯಾಸ ಉಂಟು.

ಬಿಕಾಂನವರ ಭಾಷೆಯಲ್ಲಿ ಹೇಳ್ಬೇಕಾದ್ರೆ, ಖಾತೆಗೆ ಏನಾದ್ರೂ ಹಾಕಿದ್ರೆ ಮಾತ್ರ ತೆಗೀಲಿಕ್ಕಾಗುದು. ಆನಿಯ ಖಾತೆಗೆ ಸಿನಿಮಾ ಕೆಲವೇ ನಿಮಿಷ ಹಾಕಿತು, ಅಷ್ಟರಲ್ಲೇ ದೊಡ್ಡ ಮೊತ್ತ ತೆಗೆಯಿತು. ಜ್ಯಾಕ್‌ನದ್ದು ಹೆಚ್ಚುಕಮ್ಮಿ ಝೀರೋ ಬ್ಯಾಲೆನ್ಸ್ ಖಾತೆ.

ಇನ್ನೊಬ್ಬ ಇದ್ದಾನೆ, ನೆಡ್. ಕ್ಯಾಂಪಿನ ಜೋಕರ್. ಹುಡುಗಿಯ ಪಕ್ಕಕ್ಕೆ ಬಾಣ ಬಿಟ್ಟು ಹೆದರಿಸ್ತಾನೆ, ನೀರಲ್ಲಿ ಮುಳುಗಿದ ಹಾಗೆ ನಾಟಕ ಮಾಡ್ತಾನೆ. ಅವನನ್ನು ಕೊಲ್ಲುವುದನ್ನು ಸಿನಿಮಾ ತೋರಿಸುವುದೂ ಇಲ್ಲ. ಮೇಲಿನ ಮಂಚದಲ್ಲಿ ಹೆಣ, ಕೆಳಗಿನ ಮಂಚದಲ್ಲಿ ಫ್ರೆಂಡ್ಸ್, ಅವರಿಗೆ ಗೊತ್ತೇ ಇಲ್ಲ. ನಗಿಸಿದವನಿಗೆ ಒಂದು ಸಾವಿನ ಸೀನೂ ಇಲ್ಲ! ನನ್ನ ಜಗಳ ಶುರುವಾಗುವುದು ಇಲ್ಲಿಂದ.

3/7

ಈ ಫೋಟೊದ ಮಾಸ್ಕ್ ಗೊತ್ತಲ್ಲ? ಹಾಕಿ ಗೋಲಿಯ ಮಾಸ್ಕ್. ಟೀ ಶರ್ಟಲ್ಲಿ, ಬೈಕಿನ ಸ್ಟಿಕ್ಕರಲ್ಲಿ, ಎಲ್ಲ ಕಡೆ ಉಂಟು. ಜೇಸನ್‌ದು ಅಂತೀರಿ.

ಅದು ಜೇಸನ್‌ದಲ್ಲ. ಮೊದಲನೇ ಸಿನಿಮಾದಲ್ಲಿ ಕೊಲೆ ಮಾಡುವುದು ಜೇಸನ್ ಅಲ್ಲ, ಅವನ ಅಮ್ಮ. ಎರಡನೆಯದ್ದರಲ್ಲಿ ಅವನ ತಲೆಗೆ ಒಂದು ಬಟ್ಟೆಯ ಚೀಲ. ಮಾಸ್ಕ್ ಬರುವುದು 1982ರ ಮೂರನೇ ಭಾಗದಲ್ಲಿ, ಅದು ಶೆಲ್ಲಿ ಅನ್ನುವ ಹುಡುಗನದ್ದು. ದಪ್ಪ, ಗುಂಗುರು ಕೂದಲು, ಹೋದಲ್ಲೆಲ್ಲ ವೇಷದ ಸಾಮಾನು ಹೊತ್ತುಕೊಂಡು ಹೋಗುವವನು. ತಲೆಗೆ ಕೊಡಲಿ ಬಿದ್ದ ಹಾಗೆ ಮಲಗಿ ಎಲ್ಲರ ಜೀವ ತೆಗೀತಾನೆ. ಯಾಕೆ ಹೀಗೆಲ್ಲ ಮಾಡ್ತೀಯ ಅಂತ ಬೈದ್ರೆ ಅವನು ಹೇಳುವುದರ ಅರ್ಥ ಇಷ್ಟು: ಏನೂ ಅಲ್ಲದವನಾಗಿ ಇರುವುದಕ್ಕಿಂತ ಪೆದ್ದ ಅನ್ನಿಸಿಕೊಳ್ಳುವುದು ವಾಸಿ.

ಆಮೇಲೆ ನಿಜವಾಗಿ ಅವನ ಕುತ್ತಿಗೆ ಕೊಯ್ದಾಗ, ರಕ್ತ ಸುರಿಸಿಕೊಂಡು ಬಾಗಿಲಿಗೆ ಬಂದು ನಿಂತಾಗ, ಎದುರಿದ್ದವಳು ಅದನ್ನೂ ತಮಾಷೆ ಅಂತ ತಿಳಿದುಕೊಳ್ತಾಳೆ.

ಆ ಸಿನಿಮಾ ಮಹಾಕಾವ್ಯ ಅಂತ ನಾನು ಹೇಳುದಿಲ್ಲ. ತ್ರೀಡಿಯಲ್ಲಿ ತೆಗೆದದ್ದು, ಯೋಯೋ ಬಂದು ನಿಮ್ಮ ಮೂಗಿಗೆ ಬಡೀತದೆ. ಉಳಿದವರ ಹೆಸರು ನಂಗೇ ನೆನಪಿಲ್ಲ. ಆದ್ರೆ ಶೆಲ್ಲಿಗೆ ಅವರು ಒಂದೇ ಒಂದು ನಿಮಿಷ ಕೊಟ್ರು, ಅವನು ಯಾಕೆ ನಗಿಸ್ತಾನೆ ಅಂತ ಹೇಳ್ಲಿಕ್ಕೆ. ಆ ನಿಮಿಷ ಇಲ್ಲದಿದ್ರೆ ಬಾಗಿಲಿನ ಸೀನು ಬರೇ ಕೆಂಪು ಬಣ್ಣ. ಈಗ ಅದು ನಂಗೆ ಮೂರೂ ಸಿನಿಮಾದಲ್ಲಿ ಅತಿ ಹೆದರಿಕೆಯ ಸೀನು. ಕೊಲೆಗಾರ ಅದರಲ್ಲಿ ಕಾಣುವುದೂ ಇಲ್ಲ.

ಇಷ್ಟೆಲ್ಲ ನಂಗೆ ಅರ್ಥ ಆದದ್ದು ಸಿನಿಮಾ ನೋಡಿ ಅಲ್ಲ. ಕಳೆದ ವರ್ಷದ ಕ್ಯಾಂಪಲ್ಲಿ, ಪಾತ್ರೆ ತಿಕ್ಕುವಾಗ.

4/7

ನಮಗೆ ಕ್ರಿಸ್ಟಲ್ ಲೇಕ್ ಎಲ್ಲಿಂದ ಬರ್ಬೇಕು? ನಮ್ಮದು ಎನ್ನೆಸ್ಸೆಸ್ ಕ್ಯಾಂಪು. ಏಳು ದಿನ, ಒಂದು ಹಳ್ಳಿ ಶಾಲೆ, ಕ್ಲಾಸಿನ ನೆಲದಲ್ಲಿ ಚಾಪೆ, ಬೆಳಿಗ್ಗೆ ಶ್ರಮದಾನ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ರಾತ್ರಿ ಕರೆಂಟ್ ಹೋದ್ರೆ ಹಿಂದಿನ ರಬ್ಬರ್ ತೋಟದಿಂದ ಬರುವ ಸದ್ದು ಕೇಳಿಯೇ ನಾನು ಸ್ಕ್ರಿಪ್ಟ್ ಬರೀಲಿಕ್ಕೆ ಕೂತದ್ದು. ಕಾಲೇಜ್ ಫೆಸ್ಟಿಗೆ ಶಾರ್ಟ್ ಫಿಲ್ಮ್. ಆರು ಜನ ವಾಲಂಟಿಯರ್ಸ್, ಒಬ್ಬ ಕೊಲೆಗಾರ, ಕೈಯಲ್ಲಿ ಹಾರೆ.

ನಮ್ಮ ಬ್ಯಾಚಲ್ಲಿ ಒಬ್ಬ ಇದ್ದಾನೆ. ಎಲ್ಲರೂ “ಕಾಮಿಡಿ ಪೀಸ್” ಅನ್ನುವುದು. (ಹೆಸರು ಹಾಕುದಿಲ್ಲ. “ಹಾಕ್ಬೇಡ, ಅಮ್ಮ ಇನ್‌ಸ್ಟಾದಲ್ಲಿ ಇದ್ದಾಳೆ” ಅಂದಿದ್ದಾನೆ.) ದಪ್ಪ ಇದ್ದಾನೆ. ಅಡುಗೆ ಟೀಮಿನವನು. ಸರ್ ತಲೆ ಲೆಕ್ಕ ಮಾಡುವುದನ್ನು ಅವನು ಆ್ಯಕ್ಟ್ ಮಾಡಿದ್ರೆ ಸರ್ ಕೂಡ ನಗ್ತಾರೆ.

ಸ್ಕ್ರಿಪ್ಟಿನಲ್ಲಿ ಅವನಿಗೆ ಬರೆದಿದ್ದೆ. ಪುಟ ಮೂರು. “ಡುಮ್ಮ: (ಬನ್ಸ್ ತಿನ್ನುತ್ತಾ) ಯಾರು? ಯಾರಲ್ಲಿ?” ಹಾರೆ. ಕಟ್.

ಎಲ್ಲರ ಎದುರು ಓದಿದೆ. ಎಲ್ಲರೂ ನಕ್ಕರು. ಜಾಸ್ತಿ ನಕ್ಕದ್ದು ಅವನೇ.

ರಾತ್ರಿ ಗಂಜಿ ಪಾತ್ರೆ ತಿಕ್ಕುವಾಗ ನಾವಿಬ್ಬರೇ. ತೆಂಗಿನ ನಾರು ಕೆಳಗಿಟ್ಟು ಕೇಳಿದ, “ಅಲ್ಲ ಮಾರಾಯ, ಉಳಿದ ಐದು ಜನಕ್ಕೂ ಹೆಸ್ರು ಉಂಟು. ಇವನಿಗೆ?”

“ಡುಮ್ಮ ಅಂತ ಉಂಟಲ್ಲ.”

“ಅದು ಹೆಸ್ರಾ?”

ನಾನು ಎಂತದೋ ಹೇಳಿದೆ, ಶಾರ್ಟ್ ಫಿಲ್ಮ್, ಟೈಮ್ ಇಲ್ಲ ಅಂತ. ಅವನು ಸ್ವಲ್ಪ ಹೊತ್ತು ತಿಕ್ಕಿದ. ಆಮೇಲೆ ಅಂದ, “ಸಾಯಿಸು, ಬೇಜಾರಿಲ್ಲ. ಹೆಸ್ರಿಟ್ಟು ಸಾಯಿಸು.”

ಹೇಳಿ ಅವನೇ ನಕ್ಕ. ನಂಗೆ ನಗ್ಲಿಕ್ಕೆ ಆಗ್ಲಿಲ್ಲ. ನಾಲ್ಕು ಸೆಮಿಸ್ಟರ್ ಅವನ ಪಕ್ಕದ ಬೆಂಚಲ್ಲಿ ಕೂತಿದ್ದೇನೆ. ಅವನು ಎಂತಕ್ಕೆ ಹೆದರ್ತಾನೆ ಅಂತ ನಂಗೆ ಗೊತ್ತಿರಲಿಲ್ಲ. ಹೆದರಿಕೆಯ ಸಿನಿಮಾ ಬರೀಲಿಕ್ಕೆ ಹೊರಟವನು ನಾನು.

5/7

ಇದು ನನ್ನೊಬ್ಬನ ತಪ್ಪಲ್ಲ ಅಂತ ತಪ್ಪಿಸಿಕೊಳ್ಳುವುದಿಲ್ಲ, ಆದ್ರೆ ಇದನ್ನು ನಾನು ಕಲಿತದ್ದು ಎಲ್ಲಿಂದ?

ನಮ್ಮ ಹಾರರ್ ಸಿನಿಮಾಗಳಲ್ಲಿ ಕಾಮಿಡಿಗೆ ಬೇರೆಯೇ ಡಿಪಾರ್ಟ್‌ಮೆಂಟ್. ಒಬ್ಬ ದಪ್ಪದವನೋ ತೊದಲುವವನೋ ಬರ್ತಾನೆ, ದೆವ್ವ ನೋಡಿ ಪಂಚೆ ಒದ್ದೆ ಮಾಡಿಕೊಳ್ತಾನೆ, ಹಿಂದಿನಿಂದ “ಟೊಂಯ್” ಸೌಂಡ್. ಮಂಗಳೂರಿನವನಾದ್ರೆ ಅದೂ ಬೇಡ, “ಎಂಥದು ಮಾರಾಯ್ರೆ” ಅಂದ್ರೆ ಸಾಕು. ನಾವು ಮನೆಯಲ್ಲಿ ಮಾತಾಡುವ ಭಾಷೆಯೇ ಅವರಿಗೆ ಜೋಕ್. ಅದರ ಮೇಲೆ ಸಿಟ್ಟು ಬರುವ ನೀವೇ, ಕ್ಲಾಸಲ್ಲಿ ಉತ್ತರ ಕರ್ನಾಟಕದ ಹುಡುಗನ “ಹೌದ್ರಿ” ಕೇಳಿ ನಗುವುದು. ಟ್ಯಾಗ್ ಮಾಡುದಿಲ್ಲ, ನಿಮಗೆ ಗೊತ್ತುಂಟು ಯಾರು ಅಂತ.

ನಮ್ಮಲ್ಲಿ ಈ ಕಟ್ಟು ಇಲ್ಲ ಅಂತಲ್ಲ. ಉಪೇಂದ್ರ 1993ರಲ್ಲೇ ‘ಶ್!’ ಮಾಡಿದ್ರು. ಶೂಟಿಂಗಿಗೆ ಹೋದ ಸಿನಿಮಾ ಯೂನಿಟ್, ದೆವ್ವದ ಗುಲ್ಲು, ಕೊಲೆ. ನಗು, ಹೆದರಿಕೆ ಎರಡೂ ಒಂದೇ ಗುಂಪಿನ ಒಳಗಿನಿಂದ ಬರ್ತದೆ. 2013ರ ‘6-5=2’ ಟ್ರೆಕ್ಕಿಂಗ್ ಹೋದ ಆರು ಜನರ ಕಥೆ, ಎಲ್ಲ ಅವರದ್ದೇ ಕ್ಯಾಮೆರಾದಲ್ಲಿ. ಅದರಲ್ಲಿ ಹರಟೆ ಜಾಸ್ತಿ ಅಂತ ನನ್ನ ಅಣ್ಣ ಬೈಯುವುದು. ನಾನು ಹೇಳುವುದು, ಆ ಹರಟೆಯೇ ಬಂಡವಾಳ.

ಈಗ ನಮ್ಮೂರಿನದ್ದೇ ನೋಡಿ. 2017ರ ‘ಒಂದು ಮೊಟ್ಟೆಯ ಕಥೆ’. ಬೋಳು ತಲೆಯ ಕನ್ನಡ ಲೆಕ್ಚರರ್. ಬೇರೆ ಯಾರಾದ್ರೂ ಆಗಿದ್ರೆ ಆ ತಲೆಯ ಮೇಲೆ ಎರಡು ಜೋಕ್ ಮಾಡಿ ಬಿಡ್ತಿದ್ರು. ರಾಜ್ ಬಿ. ಶೆಟ್ಟಿ ಇಡೀ ಸಿನಿಮಾ ಅವನಿಗೆ ಕೊಟ್ರು. 2025ರಲ್ಲಿ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’: ಸೋಮೇಶ್ವರದ ಸುಲೋಚನ ಮೈಮೇಲೆ ಬಂದಿದ್ದಾಳೆ ಅಂತ ಊರಿಗೆ ಊರೇ ನಡುಗುವುದು. ಕೊಲೆ ಇಲ್ಲ, ಸ್ಲ್ಯಾಶರ್ ಅಲ್ಲವೇ ಅಲ್ಲ. ಆದ್ರೆ ಅದರಲ್ಲಿ “ಕಾಮಿಡಿ ಪೀಸ್” ಯಾರು, ತೋರಿಸಿ? ಎಲ್ಲರೂ. ಹಾಗಾಗಿ ಯಾರೂ ಅಲ್ಲ. ರವಿಯಣ್ಣನಿಗೆ ಒಂದು ಗತ್ತು, ಒಂದು ಅಳುಕು ಎರಡೂ ಉಂಟು. ಕೊನೆಗೆ ಕಥೆ ಸುಲೋಚನಳ ಮಗಳ ಕಷ್ಟಕ್ಕೆ ಬಂದು ನಿಂತಾಗ ಇಡೀ ಥಿಯೇಟರ್ ಸುಮ್ಮನಾಯ್ತು. ಅಷ್ಟು ಹೊತ್ತು ನಗಿಸದಿದ್ರೆ ಅಷ್ಟು ಸುಮ್ಮನಾಗ್ತಿರಲಿಲ್ಲ.

6/7

“ನಗು ಬಂದ್ರೆ ಹೆದರಿಕೆ ಹೋಯ್ತು” ಅಂದವಳಿಗೆ ಈ ಪೋಸ್ಟ್.

ನೀನು ಸಣ್ಣದಿರುವಾಗ ದೇವಿ ಮಹಾತ್ಮೆ ಆಟಕ್ಕೆ ಹೋಗಿದ್ದೀಯಲ್ಲ? ಮಹಿಷಾಸುರ ಪಂಜಿನ ಬೆಳಕಲ್ಲಿ ಜನರ ಮಧ್ಯದಿಂದ ಆರ್ಭಟೆ ಕೊಟ್ಟುಕೊಂಡು ಬರುವಾಗ ಅಜ್ಜಿಯ ಸೆರಗಿನೊಳಗೆ ಹೋಗದವರು ಯಾರು? ಅದೇ ರಾತ್ರಿ, ಅದೇ ರಂಗಸ್ಥಳದಲ್ಲಿ, ಅದಕ್ಕಿಂತ ಮೊದಲು ಹಾಸ್ಯಗಾರ ನಗಿಸಿ ಹೋಗಿರ್ತಾನೆ. ಮಾಲಿನಿಯ ದೂತನ ವೇಷ ಅವನದ್ದು. ಅವನು ತರುವ ಸುದ್ದಿ ಎಂತದು? ಯುದ್ಧದಲ್ಲಿ ದೈತ್ಯರು ಸೋತು ಸತ್ತ ಸುದ್ದಿ. ಸಾವಿನ ಸುದ್ದಿಯನ್ನು ನಗಿಸುವವನ ಕೈಯಲ್ಲಿ ಕಳಿಸುವ ಧೈರ್ಯ ನಮ್ಮ ಆಟಕ್ಕೆ ಉಂಟು. ಮಹಿಷನ ಹೆದರಿಕೆ ಅದರಿಂದ ಕಮ್ಮಿ ಆಯ್ತಾ? (ದೈವದ ವಿಷಯ ಇಲ್ಲಿ ಕಾಮೆಂಟಲ್ಲಿ ತರ್ಬೇಡಿ. ಅದು ನಂಬಿಕೆ, ಹಾರರ್ ಅಲ್ಲ. ಡಿಲೀಟ್ ಮಾಡ್ತೇನೆ.)

ಜೇಸನ್ ಸರಣಿಯಲ್ಲೂ ಇದು ಗೊತ್ತಿದ್ದವರು ಒಬ್ಬರಿದ್ರು. 1986ರ ಆರನೇ ಭಾಗ, ಟಾಮ್ ಮೆಕ್‌ಲಾಕ್ಲಿನ್ ನಿರ್ದೇಶನ. ‘ಸ್ಕ್ರೀಮ್’ ಬರ್ಲಿಕ್ಕೆ ಇನ್ನೂ ಹತ್ತು ವರ್ಷ ಇತ್ತು. ಶುರುವಲ್ಲೇ ಜೇಮ್ಸ್ ಬಾಂಡ್ ನಡೆದು ಬಂದ ಹಾಗೆ ಜೇಸನ್ ಬರ್ತಾನೆ, ನಗು ಬರ್ತದೆ. ಈ ಕ್ಯಾಂಪಲ್ಲಿ ನಿಜವಾಗಿ ಮಕ್ಕಳಿದ್ದಾರೆ. ಜೇಸನ್ ಬಂದಾಗ ಇಬ್ಬರು ಸಣ್ಣ ಹುಡುಗರು ಮಂಚದಡಿ ಅಡಗಿರ್ತಾರೆ. ಒಬ್ಬ ಇನ್ನೊಬ್ಬನ ಹತ್ರ ಕೇಳ್ತಾನೆ, ನೀನು ದೊಡ್ಡವನಾಗಿ ಎಂತ ಆಗ್ಬೇಕು ಅಂತಿದ್ದೆ ಅಂತ. “ಇದ್ದೆ.” ನಾನು ನಕ್ಕೆ, ನಗು ಅರ್ಧದಲ್ಲಿ ನಿಂತಿತು. ಅವರಿಬ್ಬರಿಗೆ ಏನೂ ಆಗ್ಬಾರ್ದು ಅಂತ ದಿಂಬು ಹಿಡ್ಕೊಂಡು ಕೂತೆ.

ಹಾಗಂತ ಎಲ್ಲ ಕಾಮಿಡಿಯೂ ಒಳ್ಳೇದು ಅಂತಲ್ಲ. “ಟೊಂಯ್” ಸೌಂಡ್ ಹೆದರಿಕೆಯನ್ನು ಕೊಲ್ತದೆ, ಅದನ್ನು ಒಪ್ತೇನೆ. ಯಾಕಂದ್ರೆ ಅದು ಹೊರಗಿನವರು ಅವನನ್ನು ನೋಡಿ ನಗುವುದು. ಮಂಚದಡಿಯ ಹುಡುಗನ ಜೋಕ್ ಅವನದ್ದೇ, ಅವನ ಹೆದರಿಕೆಯಿಂದಲೇ ಹುಟ್ಟಿದ್ದು.

7/7

ಫೋಟೊದಲ್ಲಿ ಇರುವುದು ಹೊಸ ಸ್ಕ್ರಿಪ್ಟಿನ ಪುಟ. ಚಾದ ಕಲೆ ನನ್ನದು, ಕೆಂಪು ಪೆನ್ನು ಅವನದ್ದು.

ಅವನನ್ನು ಕೂರಿಸಿ ಕೇಳಿದೆ, ನಿಂಗೆ ಎಂತ ಹೆದರಿಕೆ? ಕೊಲೆಗಾರ ಅಲ್ಲ, ಕತ್ತಲೆ ಅಲ್ಲ. ಅವನ ಮನೆ ಮೀನಕಳಿಯದ ಹತ್ರ. ಮಳೆಗಾಲದಲ್ಲಿ ಕಡಲು ಒಳಗೆ ಬರುವ ಕಡೆ. ರಾತ್ರಿ ಅಲೆಯ ಸದ್ದು ಒಮ್ಮೆಲೇ ನಿಂತ ಹಾಗೆ ಆದ್ರೆ ಹೆದರಿಕೆ ಅಂತೆ, ಮುಂದಿನದ್ದು ದೊಡ್ಡದು ಬರ್ತದೆ ಅಂತ. ಸಣ್ಣ ಪ್ರಾಯದಲ್ಲಿ ತಂಗಿ ಅಳಬಾರ್ದು ಅಂತ ಆ ಹೊತ್ತಿಗೆ ಮಿಮಿಕ್ರಿ ಮಾಡ್ತಿದ್ನಂತೆ. ಮಿಮಿಕ್ರಿ ಕಲಿತದ್ದು ಹಾಗೆ. ನಾವು ನಾಲ್ಕು ಸೆಮಿಸ್ಟರ್ ನಕ್ಕದ್ದು ಅದಕ್ಕೆ.

ಈಗ ಪಾತ್ರಕ್ಕೆ ಹೆಸರುಂಟು: ಜಗದೀಶ. ಈಗಲೂ ಸಾಯ್ತಾನೆ, ಆದ್ರೆ ಹದಿನಾಲ್ಕನೇ ಪುಟದಲ್ಲಿ. ಅಷ್ಟರವರೆಗೆ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಚಾ ಮಾಡ್ತಾನೆ, ಒಬ್ಬೊಬ್ಬರ ಸ್ವರದಲ್ಲಿ ಕರೆದು ಎಬ್ಬಿಸ್ತಾನೆ. ಅವನು ಸತ್ತದ್ದನ್ನು ತೋರಿಸುವುದು ಬೇಡ ಅಂತ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದ್ದಾನೆ. ಬದಲಿಗೆ ಬರೆದದ್ದು ಇಷ್ಟು: ಬೆಳಿಗ್ಗೆ ಎಂಟು ಗಂಟೆ. ಯಾರನ್ನೂ ಯಾರೂ ಎಬ್ಬಿಸಿಲ್ಲ.

ಓದಿ ನಂಗೆ ಕೈ ಜುಮ್ಮೆಂದಿತು. ನೆಡ್‌ನ ಸಾವನ್ನೂ ತೋರಿಸಿರಲಿಲ್ಲ ಅಂತ ಎರಡನೇ ಪೋಸ್ಟಲ್ಲಿ ಬೈದವನು ನಾನೇ. ಇದು ಬೇರೆ. ಇಲ್ಲಿ ಅವನಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ತದೆ.

ಶೂಟಿಂಗ್ ಮುಂದಿನ ರಜೆಯಲ್ಲಿ. ಹಾರೆ ಸಿಕ್ಕಿದೆ, ಜನ ಸಿಕ್ಕಿಲ್ಲ. ಕೊಲೆಗಾರನ ಪಾತ್ರಕ್ಕೆ ಎತ್ತರದವರು ಬೇಕು, ಡಿಎಂ ಮಾಡಿ. ಪೋಲಲ್ಲಿ “ಬೇಡ” ಒತ್ತಿದವರೂ ಬರಬಹುದು. ಸಂಬಳ ಇಲ್ಲ, ಊಟ ಉಂಟು. ಅಡುಗೆ ಅವನದ್ದೇ.